ನಮ್ಮ ಮನೆಯ ಮೊದಲ ವೋಟು ಮತ್ತು ಡಾ. ಹರ್ಡೀಕರ

ಕಳೆದ ಜುಲೈ ತಿಂಗಳಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ ಕಾರ್ಯದರ್ಶಿಯ ಆಯ್ಕೆ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಮೊದಲು ಪ್ರತಿ ತರಗತಿಯವರು ಕೈ ಎತ್ತಿ ಒಬ್ಬ ಪ್ರತಿನಿಧಿಯನ್ನು ಆರಿಸುತ್ತೇವೆ. ಆಮೇಲೆ ಆ ಪ್ರತಿನಿಧಿಗಳು ಒಂದು ಕೋಣೆಯಲ್ಲಿ ಕುಳಿತು ಚೀಟಿ ಹಾಕಿ ಕಾರ್ಯದರ್ಶಿಯನ್ನು ಆರಿಸುತ್ತಾರೆ. ನಮ್ಮ ತರಗತಿಯ ಪ್ರತಿನಿಧಿ ನಾನಾಗಿದ್ದೆ. ಚೀಟಿಯಲ್ಲಿ ನಾನು ಬರೆದದ್ದು ದಿನಾ ಸವಣೂರಿನಿಂದ ನನ್ನ ಜೊತೆ ಒಂದೇ ಬಸ್ಸಿನಲ್ಲಿ ಬರುವ ಗೆಳೆಯನ ಹೆಸರು.

ಮರುದಿನ ಹಿರೇಕೆರೂರು ಕಡೆಯ ಸಹಪಾಠಿಯೊಬ್ಬ ನನ್ನ ಬೆಂಚಿನ ಹತ್ತಿರ ಬಂದ. ನಮ್ಮ ತರಗತಿಯ ವೋಟನ್ನು ಯಾರಿಗೆ ಹಾಕಿದೆ ಎಂದು ಕೇಳಿದ. ಅದು ಗುಟ್ಟು, ಹೇಳುವಂತಿಲ್ಲ ಎಂದೆ. ಹೆಸರು ಬೇಡ, ಯಾವ ಕಾರಣಕ್ಕೆ ಹಾಕಿದೆ ಅಷ್ಟು ಹೇಳು ಎಂದ. ನನ್ನ ಹತ್ತಿರ ಬಸ್ಸಿನ ಸೀಟು ಬಿಟ್ಟರೆ ಬೇರೆ ಕಾರಣವೇ ಇರಲಿಲ್ಲ. ಅವನು ಮುಂದೆ ಏನೂ ಕೇಳದೆ ಅಕೌಂಟೆನ್ಸಿ ಪುಸ್ತಕ ತೆರೆದು ಕುಳಿತ. ಅವನು ಬೈದಿದ್ದರೆ ನಾನು ಅದನ್ನು ಎಂದೋ ಮರೆತುಬಿಡುತ್ತಿದ್ದೆ. ಸುಮ್ಮನಾದದ್ದರಿಂದ ಮರೆಯಲಿಲ್ಲ.

ಅದೇ ವಾರ ಇತಿಹಾಸದ ಸರ್ ನಮಗೆ ಒಂದು ಕೆಲಸ ಕೊಟ್ಟರು. ಹಳೆಯ ಧಾರವಾಡ ಜಿಲ್ಲೆಯ ಒಬ್ಬ ಸ್ವಾತಂತ್ರ್ಯ ಹೋರಾಟಗಾರರ ಜೀವನವನ್ನು ಬರೆದು ತರಬೇಕು. ಹೆಚ್ಚಿನವರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ಆರಿಸಿಕೊಂಡರು. ನನಗೆ ಸರ್ ಹೇಳಿದ್ದು ಹುಬ್ಬಳ್ಳಿಯ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಹೆಸರು. ನಾನು ಮೊದಲು ಅವರನ್ನು ಆಲಮಟ್ಟಿಯ ಹರ್ಡೇಕರ ಮಂಜಪ್ಪನವರೆಂದೇ ತಿಳಿದು ಎರಡು ಪುಟ ಬರೆದು ಹರಿದು ಹಾಕಿದೆ. ಇಬ್ಬರೂ ಬೇರೆ ಬೇರೆ. ನಾನು ಬರೆಯಬೇಕಾಗಿದ್ದ ಹರ್ಡೀಕರರು 1952 ರಿಂದ 1962 ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. ಅಂದರೆ ಜನರು ನೇರವಾಗಿ ವೋಟು ಹಾಕದೆ, ಜನರು ಆರಿಸಿದವರು ವೋಟು ಹಾಕಿ ಕಳಿಸಿದ ಮನುಷ್ಯ. ನಮ್ಮ ಕಾರ್ಯದರ್ಶಿಯ ಹಾಗೆಯೇ. ನಾನು ಇವರ ಬಗ್ಗೆ ಮನಸ್ಸಿಟ್ಟು ಓದಲು ಅದೇ ಕಾರಣವಾಯಿತು.

ಹರ್ಡೀಕರರು ಹುಟ್ಟಿದ್ದು 1889 ರ ಮೇ 7 ರಂದು, ಧಾರವಾಡದಲ್ಲಿ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಆ ಜಿಲ್ಲೆಯೊಳಗೇ ಇದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿ ಬೇರೆ ಇತ್ತು. ಬಾಲಕ ನಾರಾಯಣ ಬೆಳೆದ ಕಾಲದಲ್ಲಿ ಈ ಭಾಗದ ಓದಿದ ಹುಡುಗರ ಮೇಲೆಲ್ಲ ಲೋಕಮಾನ್ಯ ತಿಲಕರ ಪ್ರಭಾವ ಬಹಳವಿತ್ತು. ಇವರೂ ಹಾಗೆಯೇ ತಿಲಕರ ಅಭಿಮಾನಿಯಾದರು. ವೈದ್ಯನಾಗಬೇಕೆಂದು ದೂರದ ಕಲಕತ್ತೆಗೆ ಹೋಗಿ ಓದಿದರು. ಅಷ್ಟಕ್ಕೇ ನಿಲ್ಲದೆ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ 1916 ರಲ್ಲಿ ಎಂ.ಎಸ್ಸಿ. ಪದವಿ ಪಡೆದರು.

ಆ ಪದವಿ ಹಿಡಿದು ಅವರು ಅಲ್ಲಿಯೇ ಸುಖವಾಗಿ ಇರಬಹುದಿತ್ತು. ಆದರೆ ಆಗ ಪಂಜಾಬಿನ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿದ್ದರು. ಅವರು 1917 ರಲ್ಲಿ ಅಲ್ಲಿ ಹೋಂ ರೂಲ್ ಲೀಗ್ ಕಟ್ಟಿದಾಗ ಹರ್ಡೀಕರರು ಅವರ ಬಲಗೈಯಾಗಿ ದುಡಿದರು. ಭಾರತದಲ್ಲಿ ಇಂಗ್ಲಿಷರು ಏನು ಮಾಡುತ್ತಿದ್ದಾರೆ ಎಂಬುದನ್ನು ಅಮೆರಿಕದ ಜನರಿಗೆ ತಿಳಿಸುವುದು ಆ ಲೀಗಿನ ಕೆಲಸ. ಸಭೆ ನಡೆಸಬೇಕು, ಕರಪತ್ರ ಹಂಚಬೇಕು, ಹಣ ಕೂಡಿಸಬೇಕು, ಪತ್ರಿಕೆ ಕಳಿಸಬೇಕು. ವೇದಿಕೆಯ ಮೇಲೆ ಲಾಲಾಜಿ, ವೇದಿಕೆಯ ಹಿಂದೆ ಹರ್ಡೀಕರ. ಅವರ ಇಡೀ ಜೀವನ ಹೀಗೆಯೇ ಇತ್ತು ಎಂದು ನನಗೆ ಓದುತ್ತಾ ಓದುತ್ತಾ ಅನ್ನಿಸಿತು.

1921 ರಲ್ಲಿ ತಾಯ್ನಾಡಿಗೆ ಮರಳಿ ಹುಬ್ಬಳ್ಳಿಯಲ್ಲಿ ನೆಲೆಸಿದರು. ಆಗ ಅಸಹಕಾರ ಚಳವಳಿ ಮತ್ತು ಖಿಲಾಫತ್ ಚಳವಳಿ ಒಟ್ಟಿಗೆ ನಡೆದಿದ್ದ ಕಾಲ. ಹರ್ಡೀಕರರು ಹುಬ್ಬಳ್ಳಿಯ ಯುವಕರನ್ನು ಸೇರಿಸಿ ಸ್ವಯಂಸೇವಕರ ದಳ ಕಟ್ಟಿದರು. ಬೆಳಿಗ್ಗೆ ಕವಾಯತು, ಆಮೇಲೆ ಊರಿನ ಸ್ವಚ್ಛತೆ, ಖಾದಿ, ಸಭೆಗಳ ವ್ಯವಸ್ಥೆ ಅವರ ಕೆಲಸ.

1923 ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ತ್ರಿವರ್ಣ ಧ್ವಜ ಹಿಡಿದು ಬೀದಿಯಲ್ಲಿ ನಡೆದರೆ ಜೈಲು. ಹುಬ್ಬಳ್ಳಿಯಿಂದ ಹರ್ಡೀಕರರ ತಂಡವೂ ಹೋಗಿ ಜೈಲು ಸೇರಿತು. ಜೈಲಿನ ಕಷ್ಟ ತಡೆಯಲಾರದೆ ಬೇರೆ ಕಡೆಯ ಎಷ್ಟೋ ಮಂದಿ ಸರ್ಕಾರಕ್ಕೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಅವರು ಇತರರಿಗಿಂತ ಗಟ್ಟಿ ಮೈಯವರೇನೂ ಆಗಿರಲಿಲ್ಲ. ಅವರಿಗೆ ಮುಂಚೆಯೇ ತರಬೇತಿ ಆಗಿತ್ತು, ಅಷ್ಟೇ ವ್ಯತ್ಯಾಸ. ಇದನ್ನು ಕಾಂಗ್ರೆಸ್ಸಿನ ದೊಡ್ಡ ನಾಯಕರು ಗಮನಿಸಿದರು.

ಅದೇ ವರ್ಷ ಡಿಸೆಂಬರಿನಲ್ಲಿ ಆಂಧ್ರದ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅದರ ಅಧ್ಯಕ್ಷರು ಮೌಲಾನಾ ಮೊಹಮ್ಮದ್ ಅಲಿ ಜೌಹರ್. ನಮ್ಮ ಮನೆಯಲ್ಲಿ ದಾದಿ ಅಲಿ ಸಹೋದರರ ಹೆಸರನ್ನು ಎಷ್ಟೋ ಸಲ ಹೇಳಿದ್ದುಂಟು. ಆದರೆ ಅವರ ಅಧ್ಯಕ್ಷತೆಯ ಅಧಿವೇಶನದಲ್ಲಿಯೇ ನಮ್ಮ ಹುಬ್ಬಳ್ಳಿಯ ಡಾಕ್ಟರರ ಕನಸಿಗೆ ಒಪ್ಪಿಗೆ ಸಿಕ್ಕಿತು ಎಂಬುದು ನನಗೆ ಗೊತ್ತಿರಲಿಲ್ಲ. ಇಡೀ ದೇಶಕ್ಕೆ ಒಂದೇ ಸ್ವಯಂಸೇವಕ ಸಂಘಟನೆ ಬೇಕು ಎಂಬುದು ಅವರ ವಿಚಾರ. ಕವಾಯತು ಮಾಡುವ ದಳ ಕಟ್ಟಿದರೆ ಅದು ಸೈನ್ಯದ ಹಾಗಾಗಿ ಅಹಿಂಸೆಗೆ ಧಕ್ಕೆ ಬರುತ್ತದೆ ಎಂದು ಕೆಲವರು ವಿರೋಧಿಸಿದರು. ಜವಾಹರಲಾಲ ನೆಹರೂ ಅವರು ಹರ್ಡೀಕರರ ಪರವಾಗಿ ನಿಂತರು. ಹಿಂದೂಸ್ತಾನಿ ಸೇವಾದಳ ಹುಟ್ಟಿತು. ನೆಹರೂ ಅದರ ಮೊದಲ ಅಧ್ಯಕ್ಷರಾದರು, ಹರ್ಡೀಕರರು ಅದರ ಎಲ್ಲ ಕೆಲಸ ಹೊತ್ತರು.

ಮುಂದಿನ ವರ್ಷ, 1924 ರಲ್ಲಿ, ಬೆಳಗಾವಿಯಲ್ಲಿ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ದೇಶದ ಮೂಲೆಮೂಲೆಯಿಂದ ಬಂದ ಜನರಿಗೆ ದಾರಿ ತೋರಿಸುವುದು, ನೀರು ಕೊಡುವುದು, ಕಸ ತೆಗೆಯುವುದು, ಗದ್ದಲವಾಗದಂತೆ ನೋಡಿಕೊಳ್ಳುವುದು, ರಾತ್ರಿ ಪಹರೆ ಮಾಡುವುದು ಸೇವಾದಳದವರ ಪಾಲಿಗೆ ಬಂತು. ಹೆಣ್ಣುಮಕ್ಕಳ ದಳವನ್ನು ಉಮಾಬಾಯಿ ಕುಂದಾಪುರ ಅವರು ನಡೆಸಿದರು. ಆ ಕಾಲದಲ್ಲಿ ಮನೆಯ ಹೊಸ್ತಿಲು ದಾಟದ ಹೆಂಗಸರು, ವಿಧವೆಯರು ಕೂಡ ಸ್ವಯಂಸೇವಕಿಯರಾಗಿ ಬಂದರು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಊರೂರಲ್ಲಿ ಧ್ವಜವಂದನೆ ಮಾಡುವ ರೂಢಿಯನ್ನು ಹಬ್ಬಿಸಿದ್ದೂ ಸೇವಾದಳವೇ.

1931 ರಲ್ಲಿ ಕಾಂಗ್ರೆಸ್ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಸ್ಥೆಯಾಗಿ ಮಾಡಿಕೊಂಡಿತು. ಅದೇ ಸಮಯಕ್ಕೆ ಸರಹದ್ದಿನ ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರರೂ ಕಾಂಗ್ರೆಸ್ಸಿನ ಸ್ವಯಂಸೇವಕರಾಗಿ ಸೇರಿದರು. ಖಿದ್ಮತ್ ಅಂದರೂ ಸೇವೆ. ಹುಬ್ಬಳ್ಳಿಯ ದಳದ ಹೆಸರಿನಲ್ಲಿ ಕನ್ನಡ ಪುಸ್ತಕದ ಶಬ್ದ, ಪೇಶಾವರದ ದಳದ ಹೆಸರಿನಲ್ಲಿ ನಮ್ಮ ಮನೆಮಾತಿನ ಶಬ್ದ, ಎರಡರ ಅರ್ಥವೂ ಒಂದೇ. 1932 ರಲ್ಲಿ ಇಂಗ್ಲಿಷ್ ಸರ್ಕಾರ ಸೇವಾದಳವನ್ನು ನಿಷೇಧಿಸಿತು. ನೀರು ಹೊರುವವರನ್ನು ಕಂಡು ಸರ್ಕಾರ ಹೆದರಿತೆಂದರೆ ಅವರ ಶಿಸ್ತು ಎಂಥದ್ದಿರಬೇಕು! ಹರ್ಡೀಕರರು ಹಲವು ಬಾರಿ ಜೈಲಿಗೆ ಹೋಗಿ ಬಂದರು. ಇದರ ನಡುವೆಯೇ ಡಾ. ಕೋಕಟನೂರರಂಥ ಗೆಳೆಯರ ಜೊತೆ ಸೇರಿ 1929 ರಲ್ಲಿ ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದ್ದರು. ಓದಿದ ವೈದ್ಯವಿದ್ಯೆಯನ್ನು ಅವರು ಬಿಟ್ಟಿರಲಿಲ್ಲ.

ಸ್ವಾತಂತ್ರ್ಯ ಬಂತು. ಜೈಲಿಗೆ ಹೋದವರಲ್ಲಿ ಅನೇಕರು ಮಂತ್ರಿಗಳಾದರು. ಹರ್ಡೀಕರರು ಮಂತ್ರಿಯಾಗಲಿಲ್ಲ. 1952 ರಲ್ಲಿ ಅವರು ಹೋದದ್ದು ದೆಹಲಿಯ ಮೇಲ್ಮನೆಗೆ.

ಇಲ್ಲಿ ನಮ್ಮ ಮನೆಯ ಕಥೆಯೂ ಸೇರುತ್ತದೆ. ನಮ್ಮದು ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ. ಒಂದು ರಾತ್ರಿ ಊಟವಾದ ಮೇಲೆ ನಾನು ಬರೆದದ್ದನ್ನು ದಾದಾ ಅವರಿಗೆ ಉರ್ದುವಿನಲ್ಲಿ ಹೇಳುತ್ತಿದ್ದೆ. 1952 ಎಂದ ಕೂಡಲೇ ಅವರು ನನ್ನನ್ನು ತಡೆದರು. ಅವರ ಅಬ್ಬಾ, ಅಂದರೆ ನನ್ನ ಪರದಾದಾ, ಮೊದಲ ಸಲ ವೋಟು ಹಾಕಿದ್ದು ಆ ವರ್ಷ. 1948 ರವರೆಗೆ ಸವಣೂರು ನವಾಬರದು. ಆಮೇಲೆ ಅದು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತು. ನಾಲ್ಕು ವರ್ಷದ ಹಿಂದೆ ನವಾಬರ ರೈತರಾಗಿದ್ದವರು ಸರದಿಯಲ್ಲಿ ನಿಂತು ವೋಟು ಹಾಕಿದರು. ಆಗ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇರುತ್ತಿತ್ತು, ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು. ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರೆ ಆಯಿತು. ಪರದಾದಾ ಹೊಸ ಬಟ್ಟೆ ಹಾಕಿಕೊಂಡು ಈದ್‌ಗೆ ಹೋದಂತೆ ಹೋಗಿದ್ದರಂತೆ. ಯಾವ ಪೆಟ್ಟಿಗೆಗೆ ಹಾಕಿದರು ಎಂಬುದನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅವರ ಚೀಟಿಯ ಕೆಲಸ ಆ ಪೆಟ್ಟಿಗೆಯಲ್ಲೇ ಮುಗಿಯಲಿಲ್ಲ ಎಂದು ನಾನು ದಾದಾ ಅವರಿಗೆ ಹೇಳಿದೆ. ಆ ಚುನಾವಣೆಯಲ್ಲಿ ಗೆದ್ದ 315 ಶಾಸಕರು ಮುಂಬಯಿಯ ವಿಧಾನಸಭೆಗೆ ಹೋದರು. ಅವರೇ ಮತ್ತೆ ವೋಟು ಹಾಕಿ ಮುಂಬಯಿ ರಾಜ್ಯದ ಪಾಲಿನ 17 ಜನರನ್ನು ಮೇಲ್ಮನೆಗೆ ಆರಿಸಬೇಕಾಗಿತ್ತು. ಹುಬ್ಬಳ್ಳಿಯ ಹರ್ಡೀಕರರು ಆ ದಾರಿಯಿಂದ ದೆಹಲಿಗೆ ಹೋದರು. ನಮ್ಮ ಭಾಗದ ಶಾಸಕರಿಗೂ ಆ ದಿನ ಒಂದೊಂದು ವೋಟು ಇತ್ತು, ಅದು ಪರದಾದಾ ಅಂಥವರು ಕೊಟ್ಟ ವೋಟಿನಿಂದ ಬಂದದ್ದು. ದಾದಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಗಾದರೆ ಅಬ್ಬಾ ಅವರ ಚೀಟಿ ದೆಹಲಿಯವರೆಗೆ ನಡೆಯಿತು ಅನ್ನು ಎಂದರು.

ಈ ಚುನಾವಣೆಯ ಲೆಕ್ಕ ನಮ್ಮಂಥ ವಾಣಿಜ್ಯದವರಿಗೆ ಖುಷಿ ಕೊಡುವಂಥದ್ದು. ಸಂವಿಧಾನದ 80 ನೇ ವಿಧಿಯ ಪ್ರಕಾರ ರಾಜ್ಯಗಳ ಸದಸ್ಯರನ್ನು ಆರಿಸುವವರು ವಿಧಾನಸಭೆಯ ಚುನಾಯಿತ ಸದಸ್ಯರು ಮಾತ್ರ. ವಿಧಾನ ಪರಿಷತ್ತಿನವರಿಗೆ ಇಲ್ಲಿ ವೋಟಿಲ್ಲ. ಶಾಸಕರು ಒಬ್ಬರಿಗೆ ಗುರುತು ಹಾಕಿ ಬಿಡುವುದಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತಮ್ಮ ಇಷ್ಟದ ಕ್ರಮವನ್ನು ಬರೆಯುತ್ತಾರೆ. ಈಗ ಕರ್ನಾಟಕದಲ್ಲಿ 224 ಶಾಸಕರಿದ್ದಾರೆ. ನಾಲ್ಕು ಸ್ಥಾನಗಳಿಗೆ ಚುನಾವಣೆ ಎಂದುಕೊಳ್ಳಿ. ಪ್ರತಿ ಮತಕ್ಕೆ 100 ಬೆಲೆ ಇಟ್ಟರೆ ಒಟ್ಟು 22,400. ಅದನ್ನು ಸ್ಥಾನಗಳಿಗಿಂತ ಒಂದು ಹೆಚ್ಚು, ಅಂದರೆ 5 ರಿಂದ ಭಾಗಿಸಿದರೆ 4,480. ಅದಕ್ಕೆ 1 ಕೂಡಿಸಿದರೆ 4,481. ಇಷ್ಟು ಸಿಕ್ಕವರು ಗೆದ್ದಂತೆ. ಎಲ್ಲರೂ ಬಂದು ಸರಿಯಾಗಿ ಮತ ಹಾಕಿದರೆ 44 ಶಾಸಕರ ಮತ ಸಾಲದು, 45 ಬೇಕು. 45 ಬಂದರೆ 19 ಉಳಿಯುತ್ತದೆ. ಬೇಕಾದಲ್ಲಿ ಆ ಉಳಿಕೆ ಎರಡನೆಯ ಇಷ್ಟದ ಅಭ್ಯರ್ಥಿಗೆ ಹೋಗುತ್ತದೆ. ನಾವು ಲೆಡ್ಜರಿನಲ್ಲಿ ಉಳಿದ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವ ಹಾಗೆ. ಇದೇ ಸೂತ್ರವನ್ನು 315 ಶಾಸಕರು ಮತ್ತು 17 ಸ್ಥಾನಗಳಿಗೆ ಹಾಕಿ ನೋಡಿದೆ. 1,751 ಬಂತು. ಅಂದರೆ ಒಬ್ಬರು ಗೆಲ್ಲಲು 18 ಶಾಸಕರ ಮತ ಸಾಕು. ಇದರಿಂದ ದೊಡ್ಡ ಪಕ್ಷದವರೇ ಎಲ್ಲ ಸ್ಥಾನ ಗೆಲ್ಲುವುದು ತಪ್ಪುತ್ತದೆ, ಸಣ್ಣ ಗುಂಪಿಗೂ ತನ್ನ ಬಲಕ್ಕೆ ತಕ್ಕ ಪಾಲು ಸಿಗುತ್ತದೆ.

ಮೇಲ್ಮನೆ ಎಂದೂ ಪೂರ್ತಿ ವಿಸರ್ಜನೆ ಆಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದವರು ನಿವೃತ್ತರಾಗುತ್ತಾರೆ. 1952 ರಲ್ಲಿ ಎಲ್ಲರೂ ಒಟ್ಟಿಗೆ ಬಂದಿದ್ದರಿಂದ ಯಾರು ಎರಡು, ಯಾರು ನಾಲ್ಕು, ಯಾರು ಆರು ವರ್ಷ ಇರಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಆ ವರ್ಷ ಮೇ 13 ರಂದು ಸಭೆ ಮೊದಲ ಸಲ ಸೇರಿತು. ಡಾ. ರಾಧಾಕೃಷ್ಣನ್ ಅವರು ಸಭಾಪತಿ. ರಾಜ್ಯಸಭಾ ಎಂಬ ಹಿಂದಿ ಹೆಸರು ಬಂದದ್ದು 1954 ರಲ್ಲಿ. ಹರ್ಡೀಕರರು ಅಲ್ಲಿ ಇದ್ದಾಗಲೇ, 1956 ರ ನವೆಂಬರ್ 1 ರಂದು, ರಾಜ್ಯಗಳ ಮರುವಿಂಗಡಣೆಯಾಯಿತು. ಧಾರವಾಡ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರಿನ ಪಾಲಿನ ಸ್ಥಾನಗಳು 6 ರಿಂದ 12 ಕ್ಕೆ ಏರಿದವು. ಇಂದಿಗೂ ಕರ್ನಾಟಕಕ್ಕೆ 12 ಸ್ಥಾನಗಳೇ ಇವೆ. ಮುಂಬಯಿಯಿಂದ ಹೋಗಿದ್ದ ಹರ್ಡೀಕರರು ಹೀಗೆ ಮೈಸೂರಿನವರಾದರು. ಅವರು ಊರು ಬದಲಿಸಲಿಲ್ಲ, ಊರಿನ ರಾಜ್ಯವೇ ಬದಲಾಯಿತು.

1958 ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. 1962 ರಲ್ಲಿ ರಾಜ್ಯಸಭೆಯಿಂದ ನಿವೃತ್ತರಾದರು. 1975 ರ ಆಗಸ್ಟ್ 26 ರಂದು, 86 ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹುಟ್ಟಿ ನೂರು ವರ್ಷವಾದಾಗ, 1989 ರಲ್ಲಿ, ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ತಂದಿತು. ಹರ್ಡೀಕರರ ಜೀವನವನ್ನು ಇಷ್ಟು ಬರೆದು ಸರ್‌ಗೆ ಕೊಟ್ಟೆ. ಅಂಕವೂ ಬಂತು.

ಆದರೆ ನನ್ನ ತಲೆಯಲ್ಲಿ ಪ್ರಶ್ನೆ ಉಳಿದಿತ್ತು. ಅಬ್ಬಾ ಅಂಗಡಿಯಲ್ಲಿ ರಾಜ್ಯಸಭೆಯ ಮಾತು ಬಂದಾಗ ಅದನ್ನು ಹಿಂಬಾಗಿಲು ಎನ್ನುತ್ತಾರೆ. ಜನರ ಮುಂದೆ ಬಂದು ಗೆಲ್ಲಲಾರದವರು ಹೋಗುವ ದಾರಿ ಅದು ಎಂಬುದು ಅವರ ಅಭಿಪ್ರಾಯ. ಪೂರ್ತಿ ಸುಳ್ಳೂ ಅಲ್ಲ. ಶಾಸಕರ ವೋಟು ಮಾರಾಟವಾಗುತ್ತದೆ ಎಂಬ ದೂರು ಹೆಚ್ಚಾದ್ದರಿಂದಲೇ 2003 ರಲ್ಲಿ ಕಾನೂನು ಬದಲಾಯಿಸಿ, ಪಕ್ಷದ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು ಎಂದು ಮಾಡಿದರು. ಅದೇ ತಿದ್ದುಪಡಿಯಲ್ಲಿ, ಅಭ್ಯರ್ಥಿ ಆ ರಾಜ್ಯದ ಮತದಾರನೇ ಆಗಿರಬೇಕೆಂಬ ನಿಯಮವನ್ನೂ ತೆಗೆದರು. ಸುಪ್ರೀಂ ಕೋರ್ಟು 2006 ರಲ್ಲಿ ಎರಡನ್ನೂ ಒಪ್ಪಿತು. ಇಂದು ಯಾವ ರಾಜ್ಯದವರು ಯಾವ ರಾಜ್ಯದಿಂದ ಬೇಕಾದರೂ ನಿಲ್ಲಬಹುದು. ಹರ್ಡೀಕರರ ಕಾಲದಲ್ಲಿ ಹಾಗಿರಲಿಲ್ಲ.

ಆದರೂ ಹರ್ಡೀಕರರ ಜೀವನ ಓದಿದ ಮೇಲೆ ಆ ಬಾಗಿಲನ್ನು ಮುಚ್ಚಬೇಕು ಎಂದು ನನಗೆ ಅನ್ನಿಸುವುದಿಲ್ಲ. ಮೂವತ್ತು ವರ್ಷ ಬೇರೆಯವರ ಸಭೆಗೆ ನೀರು, ನೆರಳು, ಕಾವಲು ಒದಗಿಸಿದ ಮನುಷ್ಯ ಅವರು. ತೆರೆಯ ಹಿಂದೆ ದುಡಿದವರ ಹೆಸರು ಎಲ್ಲ ಊರಿನ ಎಲ್ಲ ಮತದಾರರಿಗೆ ಗೊತ್ತಿರುವುದಿಲ್ಲ. ಅವರ ಕೆಲಸವನ್ನು ಹತ್ತಿರದಿಂದ ಬಲ್ಲವರು ಅವರನ್ನು ಗುರುತಿಸಿ ಕಳಿಸಲು ಒಂದು ದಾರಿ ಇರಬೇಕು. ಆ ದಾರಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ನಡುವೆ ನಿಂತು ವೋಟು ಹಾಕುವವರ ಮೇಲೆ ನಿಂತಿದೆ.

ನಮ್ಮ ವ್ಯಾಪಾರದಲ್ಲಿಯೂ ಹೀಗೆಯೇ. ಎಲೆಬಳ್ಳಿ ಬೆಳೆದ ರೈತ ತನ್ನ ಎಲೆಯನ್ನು ನಂಬಿ ದಲಾಲರ ಕೈಗೆ ಕೊಡುತ್ತಾನೆ. ತಾನು ಪೇಟೆಯಲ್ಲಿ ಕೂರುವುದಿಲ್ಲ. ಸಂಜೆ ದಲಾಲ ಅವನಿಗೆ ಪಟ್ಟಿ ಕೊಡಬೇಕು. ಎಷ್ಟು ಕಟ್ಟು ಹೋಯಿತು, ಯಾವ ದರಕ್ಕೆ ಹೋಯಿತು, ಕಮಿಷನ್ ಎಷ್ಟು ಎಲ್ಲ ಅದರಲ್ಲಿರಬೇಕು. ಪಟ್ಟಿ ಕೊಡದ ದಲಾಲನ ಅಂಗಡಿಗೆ ರೈತ ಎರಡನೆಯ ಸಲ ಬರುವುದಿಲ್ಲ. ನಾನು ಜುಲೈ ತಿಂಗಳಲ್ಲಿ ನನ್ನ ತರಗತಿಯ ವೋಟನ್ನು ಒಯ್ದು ಹಾಕಿದೆ, ಪಟ್ಟಿ ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಲೆಕ್ಕವೇ ಇರಲಿಲ್ಲ.

ಹೋದ ವಾರ ಇತಿಹಾಸದ ತರಗತಿ ಮುಗಿದ ಮೇಲೆ ಸರ್ ಅನುಮತಿ ಕೇಳಿ ಎಲ್ಲರ ಮುಂದೆ ಎದ್ದು ನಿಂತು ಇದನ್ನು ಹೇಳಿದೆ. ಯಾರನ್ನೂ ಕೇಳದೆ, ಗೆಳೆತನ ನೋಡಿ ವೋಟು ಹಾಕಿದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ. ಕೆಲವರು ನಕ್ಕರು. ನಾಲ್ಕು ತಿಂಗಳ ನಂತರ ಏಕೆ ಎಂದು ಒಬ್ಬರು ಕೇಳಿದರು. ಹಿರೇಕೆರೂರಿನ ಆ ಗೆಳೆಯ ನಗಲಿಲ್ಲ. ಮುಂದಿನ ಸಲ ಪ್ರತಿನಿಧಿಗಳು ಚೀಟಿ ಹಾಕುವ ಮುಂಚೆ ತರಗತಿಯಲ್ಲಿ ಹತ್ತು ನಿಮಿಷ ಚರ್ಚೆ ಆಗಲಿ, ಅಭ್ಯರ್ಥಿಗಳು ಕಾಲೇಜಿಗಾಗಿ ಏನು ಕೆಲಸ ಮಾಡಿದ್ದಾರೆ ಎಂದು ನೋಡಲಿ ಎಂದು ಸೂಚಿಸಿದ. ಇದನ್ನು ನಾವಿಬ್ಬರೂ ಸೇರಿ ಪ್ರಾಂಶುಪಾಲರಿಗೆ ಬರೆದು ಕೊಟ್ಟಿದ್ದೇವೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ವಿಧಾನಸಭೆಯಲ್ಲಿ ಮೂರು ಸ್ಥಾನಗಳಿವೆ. ಹಾನಗಲ್ಲಿಗೊಂದು, ಹಿರೇಕೆರೂರಿಗೊಂದು, ಶಿಗ್ಗಾಂವಿ ಮತ್ತು ಸವಣೂರಿಗೆ ಸೇರಿ ಒಂದು. ರಾಜ್ಯಸಭೆಯ ಚುನಾವಣೆ ಬಂದಾಗ ಈ ಮೂವರು ಶಾಸಕರು ನಮ್ಮ ಪರವಾಗಿ ವೋಟು ಹಾಕುತ್ತಾರೆ. ಮುಂದಿನ ವರ್ಷ ನನಗೆ ಹದಿನೆಂಟು ತುಂಬುತ್ತದೆ, ನಿಮ್ಮಲ್ಲಿ ಅನೇಕರಿಗೂ ತುಂಬುತ್ತದೆ. ಶಾಸಕರನ್ನು ಆರಿಸುವಾಗ ನಾವು ರಸ್ತೆ, ನೀರು, ಬಸ್ಸು ಎಲ್ಲ ಕೇಳೋಣ, ಕೇಳಲೇಬೇಕು. ಅದರ ಜೊತೆ, ದೆಹಲಿಯ ಮೇಲ್ಮನೆಗೆ ನಮ್ಮ ಪರವಾಗಿ ಎಂಥವರನ್ನು ಕಳಿಸುತ್ತೀರಿ ಎಂಬ ಒಂದು ಪ್ರಶ್ನೆಯನ್ನೂ ಕೇಳೋಣ. ನನ್ನ ಪರದಾದಾ ಅವರ ಚೀಟಿ ದೆಹಲಿಗೆ ಹೋದದ್ದು ಅವರಿಗೇ ಗೊತ್ತಾಗಲಿಲ್ಲ. ನಮಗೆ ಗೊತ್ತಿದೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ